ಪಕ್ಕದವರ ಕೈ

ಆ ಊರಿನ ಧಣಿ ಹುಟ್ಟಿದಾಗಿನಿಂದ ಯಾರ ಮೇಲೂ ಕೈ ಎತ್ತಿದವನಲ್ಲ. ಅಷ್ಟು ಮೆದು ಮನಸ್ಸಿನವನು. ರಕ್ತ ಕಂಡರೆ ಅವನಿಗೆ ತಲೆ ಸುತ್ತುತ್ತದೆ, ಕಾಲಡಿ ಇರುವೆ ಸತ್ತರೆ ಆ ಹೊತ್ತಿನ ಊಟ ಸೇರುವುದಿಲ್ಲ ಎಂದು ಅವನ ಕಡೆಯವರು ಹೇಳಿಕೊಂಡು ತಿರುಗುತ್ತಿದ್ದರು. ಆದರೆ ದುಡಿಮೆ ಎಂದ ಮೇಲೆ ತಪ್ಪು ಇರುತ್ತದೆ, ತಪ್ಪು ಎಂದ ಮೇಲೆ ಏಟು ಬೇಕಲ್ಲ. ಅದಕ್ಕೆಂದೇ ಅಲ್ಲಿ ಒಂದು ಕಟ್ಟಳೆ ನಡೆದುಕೊಂಡು ಬಂದಿತ್ತು. ತಪ್ಪಿದವರ ಬೆನ್ನಿಗೆ ಪಕ್ಕದಲ್ಲಿ ಕೂತು ದುಡಿಯುವವರ ಕೈಯಿಂದಲೇ ಏಟು ಬೀಳಬೇಕು. ಬೇರೆ ಯಾರೂ ಹೊಡೆಯುವಂತಿಲ್ಲ, ಪಕ್ಕದವರು ಹೊಡೆಯದೆ ಇರುವಂತಿಲ್ಲ.

ಊರೆಂದರೆ ಒಂದು ದೊಡ್ಡ ಕುಲುಮೆ, ಅದರ ಸುತ್ತ ಒಂದಿಷ್ಟು ಮನೆ, ಅಷ್ಟೇ. ಕುಲುಮೆಯ ಬೆಂಕಿ ಯಾವತ್ತೂ ಆರಿದ್ದಿಲ್ಲ. ಅದರ ಮುಂದೆ ಉದ್ದಕ್ಕೆ ಸಾಲಾಗಿ ತೊಗಲಿನ ತಿದಿಗಳು, ಜೋಡಿ ಜೋಡಿಯಾಗಿ. ಒಂದೊಂದು ತಿದಿಗೆ ಒಬ್ಬೊಬ್ಬರು ಕೂತು ತಮ್ಮ ಸರದಿ ಮುಗಿಯುವವರೆಗೆ ಬೆಂಕಿಗೆ ಗಾಳಿ ಊದಬೇಕು. ತೊಗಲು ಉಬ್ಬುತ್ತದೆ, ತೊಗಲು ಕುಗ್ಗುತ್ತದೆ, ಜ್ವಾಲೆ ನೆಟ್ಟಗೆ ನಿಲ್ಲುತ್ತದೆ. ಒಬ್ಬರ ಕೈ ಸೋತಿತೋ, ಅವರೆದುರಿನ ಜ್ವಾಲೆ ತಲೆ ಬಾಗಿಸುತ್ತದೆ. ಕಳ್ಳತನಕ್ಕೆ ಆ ಊರಲ್ಲಿ ಕ್ಷಮೆ ಇತ್ತು, ಕುಡಿತಕ್ಕೆ ಇತ್ತು, ಹೆಂಡತಿ ಬಿಟ್ಟು ಓಡಿಹೋಗಿ ಬಂದವನಿಗೂ ಇತ್ತು. ಬಾಗಿದ ಜ್ವಾಲೆಗೆ ಮಾತ್ರ ಇರಲಿಲ್ಲ. ಕರಗಿಸಿ ತೆಗೆದ ಕಬ್ಬಿಣ ಗಾಡಿ ಏರಿ ಗುಡ್ಡದಾಚೆ ಹೋಗುತ್ತಿತ್ತು. ಅಲ್ಲಿ ಅದರಿಂದ ಏನು ಮಾಡುತ್ತಾರೆಂದು ಊದುವವರು ಕೇಳಲಿಲ್ಲ, ಧಣಿ ಹೇಳಲಿಲ್ಲ.

ಜ್ವಾಲೆ ಬಾಗಿದ ಕೂಡಲೇ ಮೇಸ್ತ್ರಿ ಕೂಗುತ್ತಿದ್ದ: "ಜ್ವಾಲೆ ಬಾಗಿತು!"

ಸಾಲಿಗೆ ಸಾಲೇ ಊದುತ್ತಲೇ ಉತ್ತರ ಕೊಡಬೇಕು: "ಪಕ್ಕದವರು ಏಳಲಿ!"

ಪಕ್ಕದವರು ಏಳುತ್ತಿದ್ದರು. ಧಣಿಯ ಬಾಗಿಲ ಮೇಲೆ ನೇತುಹಾಕಿದ ತೊಗಲಿನ ಬಾರನ್ನು ಮೇಸ್ತ್ರಿ ಎರಡೂ ಕೈಯಲ್ಲಿ ಹಿಡಿದು ತಂದು ಕೊಡುತ್ತಿದ್ದ. ಧಣಿ ಮೇಲಿನ ಕಲ್ಲುಪೀಠದಲ್ಲಿ ಸಾಲಿಗೆ ಬೆನ್ನು ತಿರುಗಿಸಿ, ಕಣ್ಣು ಮುಚ್ಚಿ ಕೂರುತ್ತಿದ್ದ. ನೋಡಲಾರ, ಪಾಪ. ಕೇಳಬಲ್ಲ. ಏಟಿನ ಸದ್ದು, ಕೂಗಿನ ಸದ್ದು, ಏಟಿನ ಸದ್ದು, ಕೂಗಿನ ಸದ್ದು. ತೃಪ್ತಿಯಾದಾಗ ಒಂದು ಬೆರಳು ಎತ್ತುತ್ತಿದ್ದ. ಆಮೇಲೆ ಬಟ್ಟಲಿನಲ್ಲಿ ಬೆಣ್ಣೆ ತೆಗೆದುಕೊಂಡು ಕೆಳಗಿಳಿದು ಬಂದು, ಕಣ್ಣು ಮುಚ್ಚಿಕೊಂಡೇ, ಬಿದ್ದವರ ಬೆನ್ನಿಗೆ ತಾನೇ ಸವರುತ್ತಿದ್ದ. "ಮಕ್ಕಳೇ, ನಿಮಗೆ ನೋವಾದರೆ ನನಗೂ ನೋವು" ಎನ್ನುತ್ತಿದ್ದ. ಹೊಡೆಸುವವನೂ ಅವನೇ, ಬೆಣ್ಣೆ ಹಚ್ಚುವವನೂ ಅವನೇ. ಮಗುವನ್ನು ಚಿವುಟಿ ತೊಟ್ಟಿಲು ತೂಗುವುದು ಎನ್ನುತ್ತಾರಲ್ಲ, ಅದು ಇದೇ.

ಆದರೆ ಸಾಲಿನವರೂ ಬೆರಳು ಚೀಪುವವರಲ್ಲ. ಅವರ ಅಜ್ಜಂದಿರ ಕಾಲದಿಂದ ಒಂದು ವಿದ್ಯೆ ಕೈಯಿಂದ ಕೈಗೆ ಬಂದಿತ್ತು. ಬಾರು ಅಗಲವಾದ ಪಟ್ಟಿ. ಅಂಚಿನಿಂದ ಬಿದ್ದರೆ ಚರ್ಮ ಸುಲಿಯುತ್ತದೆ. ಬೀಳುವ ಹೊತ್ತಿಗೆ ಸರಿಯಾಗಿ ಮಣಿಕಟ್ಟನ್ನು ಒಳಕ್ಕೆ ತಿರುಗಿಸಿದರೆ ಅಗಲದ ಮೈ ಬೆನ್ನಿಗೆ ತಾಕಿ ಚಟಾರ್ ಎಂದು ಊರಿಗೆಲ್ಲ ಕೇಳುವಂಥ ಸದ್ದಾಗುತ್ತದೆ, ಸೊಳ್ಳೆ ಕಚ್ಚಿದಷ್ಟು ನೋವೂ ಇರುವುದಿಲ್ಲ. ಅಷ್ಟೇ ಸಾಲದೆಂದು, ಬಾರನ್ನು ಕೆಮ್ಮಣ್ಣಿನ ನೀರಲ್ಲಿ ಅದ್ದಿ ಹೊಡೆದರೆ ಉರಿ ಹೆಚ್ಚು ಎಂದು ಸಾಲಿನ ಹಿರಿಯರೇ ಒಂದು ಕಾಲದಲ್ಲಿ ಧಣಿಯ ಮನೆಗೆ ಬುದ್ಧಿ ಹೇಳಿಕೊಟ್ಟಿದ್ದರು. ಅಂದಿನಿಂದ ಎಲ್ಲರ ಬೆನ್ನಲ್ಲೂ ಏಟಿನ ದಿನ ಕೆಂಪು ಇಳಿಯುತ್ತಿತ್ತು. ದೂರದಿಂದ ನೋಡುವ ಮೇಸ್ತ್ರಿಗೆ ಅದು ರಕ್ತ.

ಹೊಡೆಯುವವರದು ಅರ್ಧ ಕೆಲಸ, ಕೂಗುವವರದು ಇನ್ನರ್ಧ. ಚೆನ್ನಾಗಿ ಕೂಗದಿದ್ದರೆ ಹೊಡೆದವರ ತಲೆಗೆ ಬರುತ್ತದೆ. ಹಾಗಾಗಿ ಆ ಊರಿನ ಹೆಂಗಸರು ಗಂಡಸರೆಲ್ಲ ಕೂಗುವುದರಲ್ಲಿ ಪಳಗಿದ್ದರು. ಗಂಜಿ ಕುಡಿಯುವಾಗ ಅದೇ ಮಾತು. "ನಿನ್ನೆ ನಿನ್ ಕೂಗು ನೆಗಡಿಯಾದ ಕತ್ತೆ ಕೂಗ್ದಂಗಿತ್ತು ಕಣೋ" ಎಂದು ಒಬ್ಬರನ್ನೊಬ್ಬರು ಆಡಿಕೊಳ್ಳುತ್ತಿದ್ದರು.

ಈ ವಿದ್ಯೆಯಲ್ಲಿ ಎತ್ತಿದ ಕೈ ತಿದಿಯವಳದು. ಸಾಲಿನ ನಡುವೆ ಕೂರುತ್ತಿದ್ದ ನಡುವಯಸ್ಸಿನ ಹೆಂಗಸು, ಹಿಂದೆ ಮುಂದೆ ಯಾರೂ ಇಲ್ಲದವಳು. ಸಾಲಿನವರೆಲ್ಲ ಅವಳನ್ನು ಅಕ್ಕ ಎನ್ನುತ್ತಿದ್ದರು. ಆ ಕರೆಯೊಂದೇ ಅವಳ ಆಸ್ತಿ. ಅವಳು ಹೊಡೆದರೆ ಧಣಿ ಕಲ್ಲುಪೀಠದ ಮೇಲೆ ಬೆಚ್ಚುವಂಥ ಸದ್ದು, ಏಟು ತಿಂದವರಿಗೆ ಮಾತ್ರ ಅವ್ವ ಬೆನ್ನು ತಟ್ಟಿ ಮಲಗಿಸಿದ ಹಾಗೆ. ಅವಳ ಜೋಡಿಯ ತಿದಿಗೆ ಕೂರುತ್ತಿದ್ದವನು ಒಬ್ಬ ಉತ್ಸಾಹದ ಆಳು, ನಗಿಸುವವನು. ಅವನನ್ನು ನಾವು ಪಕ್ಕದವನು ಎಂದೇ ಕರೆಯೋಣ. ಅವನ ಹೆಂಡತಿ ಹಿಂದಿನ ಚಪ್ಪರದಲ್ಲಿ ಹೆಂಗಸರೊಂದಿಗೆ ಅದಿರು ಕುಟ್ಟುತ್ತಿದ್ದಳು. ತಿದಿಯವಳಿಗೆ ಹಬ್ಬದ ಊಟ ಆ ಗಂಡ ಹೆಂಡಿರ ಮನೆಯಲ್ಲೇ.

ಧಣಿಗೆ ಇದೆಲ್ಲ ಗೊತ್ತಿತ್ತೇ? ಗೊತ್ತಿತ್ತು. ಅವನ ಕಣ್ಣು ಮುಚ್ಚಿದ್ದರೂ ಬೆರಳು ತೆರೆದೇ ಇದ್ದವು. ಬೆಣ್ಣೆ ಸವರುವಾಗ ಯಾವ ಬೆನ್ನಿನಲ್ಲೂ ಬೆರಳಿಗೆ ಒಂದು ಬಾಸುಂಡೆ ಸಿಗುತ್ತಿರಲಿಲ್ಲ. ಮೊದಮೊದಲು ಅವನು ತನ್ನ ಬೆಣ್ಣೆಯ ಗುಣ ಎಂದುಕೊಂಡ. ಆಮೇಲೆ ಅರ್ಥವಾಯಿತು. ಅರ್ಥವಾದ ಮೇಲೂ ಬಾಯಿ ಬಿಡಲಿಲ್ಲ. ತನ್ನ ಅನ್ನ ತಿನ್ನುವವರು ತನ್ನ ಬೆನ್ನ ಹಿಂದೆ ಒಬ್ಬರಿಗೊಬ್ಬರು ಹೀಗೆ ಕಟ್ಟುಬಿದ್ದಿದ್ದಾರಲ್ಲ ಎಂಬುದು ಅವನ ಎದೆಯೊಳಗೆ ಕೊರೆಯುತ್ತಲೇ ಇತ್ತು. ಜ್ವಾಲೆ ಬಾಗಿದ್ದಕ್ಕಿಂತ ಅದು ದೊಡ್ಡ ತಪ್ಪು. ಅದಕ್ಕೆ ಏಟು ಎಲ್ಲಿದೆ?

ಒಂದು ದಿನ ಅವನು ಹಳೆಯ ಬಾರು ಸವೆದಿದೆ ಎಂದು ಹೊಸದು ಮಾಡಿಸಿ ತಂದ. ಅದಕ್ಕೆ ಅರಿಸಿನ ಕುಂಕುಮ ಹಚ್ಚಿ, ಹೂ ಏರಿಸಿ, ಬಾಗಿಲ ಮೇಲೆ ತಾನೇ ನೇತುಹಾಕಿದ. ಸಾಲಿನವರು ಕೈ ಮುಗಿದರು. ಕಣ್ಣಲ್ಲಿ ಕಣ್ಣಿಟ್ಟು ನಕ್ಕರು ಕೂಡ.

ಅದಾದ ಮೇಲೆ ಬಂದ ಮೊದಲ ಬಾಗಿದ ಜ್ವಾಲೆ ಪಕ್ಕದವನದು. ದೊಡ್ಡ ಕಾರಣವೇನೂ ಇಲ್ಲ. ಒಂದು ಹಾಸ್ಯ ಹೇಳುತ್ತಾ ಹೇಳುತ್ತಾ ಅವನೇ ನಕ್ಕು ಕೈ ಸಡಿಲ ಬಿಟ್ಟ.

"ಜ್ವಾಲೆ ಬಾಗಿತು!"

"ಪಕ್ಕದವರು ಏಳಲಿ!"

ತಿದಿಯವಳು ಎದ್ದಳು. ಪಕ್ಕದವನು ಅಂಗಿ ಬಿಚ್ಚಿ ನೆಲಕ್ಕೆ ಮಂಡಿಯೂರುತ್ತಾ ಪಿಸುಗುಟ್ಟಿದ: "ಅಕ್ಕಾ, ಇವತ್ತು ನೋಡ್ತಾ ಇರು. ಧಣಿ ಕಣ್ಣಲ್ಲಿ ನೀರು ಬರ್ಬೇಕು, ಹಂಗೆ ಕೂಗ್ತೀನಿ."

"ಬಾಯಿ ಮುಚ್ಕಂಡು ಬಗ್ಗೋ, ಮೇಸ್ತ್ರಿ ನೋಡ್ತವ್ನೆ" ಎಂದಳು ಅವಳು. ಬಾರನ್ನು ಕೆಮ್ಮಣ್ಣಿನ ನೀರಲ್ಲಿ ಅದ್ದಿದಳು. ತೋಳು ಎತ್ತಿದಳು. ಬೀಳುವ ಹೊತ್ತಿಗೆ ಮಣಿಕಟ್ಟು ತಿರುಗಿಸಿದಳು.

ಪಕ್ಕದವನು ಕೂಗಿದ. ಎಂಥ ಕೂಗು! ಊದುತ್ತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎರಡನೆಯ ಏಟಿಗೆ ಅವನು ಬಾಗಿದ್ದಲ್ಲಿಂದ ಮೀನಿನ ಹಾಗೆ ಮೇಲೆದ್ದು ಬಿದ್ದ. ಇದು ಹೊಸ ವರಸೆ, ಸಾಲಿನಲ್ಲಿ ಹಿಂದೆ ಯಾರೂ ಮಾಡಿದ್ದಲ್ಲ. ತಿದಿಯವಳಿಗೆ ಬಾರು ಎತ್ತುವಾಗ ಏನೋ ಹಿಡಿದು ಬಿಟ್ಟಂತಾಯಿತು, ಸೀರೆಯ ಸೆರಗು ಜಾಲಿಮುಳ್ಳಿಗೆ ಸಿಕ್ಕು ಬಿಡುತ್ತದಲ್ಲ, ಹಾಗೆ. ಹೊಸ ತೊಗಲು, ಒದ್ದೆಗೆ ಅಂಟುತ್ತಿದೆ ಎಂದುಕೊಂಡಳು. ಬೆನ್ನಲ್ಲಿ ಕೆಂಪು ಇಳಿಯಿತು. ಕೆಮ್ಮಣ್ಣು ಇವತ್ತು ಗಟ್ಟಿ ಕಲಸಿದ್ದಾರೆ ಎಂದುಕೊಂಡಳು.

"ಅಕ್ಕಾ," ಎಂದ ಅವನು ನೆಲಕ್ಕೆ ಮುಖ ಒತ್ತಿ. "ಅಕ್ಕಾ, ನಿಜವಾಗ್ಲೂ ಕಣಕ್ಕಾ. ನಿಜವಾಗ್ಲೂ."

ಅವಳಿಗೆ ನಗು ತಡೆಯಲಾಗಲಿಲ್ಲ. ತುಟಿ ಕಚ್ಚಿ ಹಿಡಿದಳು. ಎಂಥ ಕಲಾವಿದ ನನ್ನ ತಮ್ಮ ಎಂದು ಹೆಮ್ಮೆಯಿಂದ, ಅವನ ಆಟಕ್ಕೆ ಮೇಳ ಕೊಡಬೇಕೆಂದು, ಮಣಿಕಟ್ಟನ್ನು ಇನ್ನೂ ಚೆನ್ನಾಗಿ ತಿರುಗಿಸಿ ಇನ್ನೂ ಜೋರಾಗಿ ಸದ್ದು ಬರುವಂತೆ ಬಾರಿಸಿದಳು. ಧಣಿಯ ಬೆರಳು ಏಳಲಿಲ್ಲ. ಅವಳು ಹೊಡೆದಳು. ಬೆರಳು ಏಳಲಿಲ್ಲ. ಅವಳು ಹೊಡೆದಳು. ಕೂಗು ಕಡಿಮೆಯಾಗುತ್ತಾ ಬಂದು ಬರೀ ಉಸಿರಾಯಿತು. ಅದನ್ನೂ ಅವಳು ಮೆಚ್ಚಿಕೊಂಡಳು. ಬೆರಳು ಎದ್ದಾಗ ಅವನು ಮಗ್ಗುಲಾಗಿ ಬಿದ್ದಿದ್ದ. ಕಣ್ಣು ತೆರೆದಿತ್ತು. ಅವಳು ಅವನು ಕಣ್ಣು ಮಿಟುಕಿಸಲಿ ಎಂದು ಕಾದಳು.

ಧಣಿ ಬೆಣ್ಣೆಯ ಬಟ್ಟಲು ಹಿಡಿದು ಬಂದ. ಕಣ್ಣು ಮುಚ್ಚಿಕೊಂಡೇ ಬೆನ್ನು ಮುಟ್ಟಿದ. ಬೆರಳು ಒಳಗೆ ಹೋದವು. ಅವನು ಕೈ ಹಿಂದೆ ತೆಗೆಯಲಿಲ್ಲ. ತಲೆಯೂ ಸುತ್ತಲಿಲ್ಲ. ಸಾಲಿಗೆಲ್ಲ ಕೇಳುವ ಹಾಗೆ ಹೇಳಿದ: "ಇಷ್ಟು ವರ್ಷಕ್ಕೆ ನನ್ನ ಅನ್ನಕ್ಕೆ ನಿಯತ್ತಾದ ಒಂದು ಕೈ ಸಿಕ್ಕಿತು. ಉಂಡ ಮನೆಗೆ ದ್ರೋಹ ಬಗೆಯದವಳು ಇವಳೊಬ್ಬಳೇ. ನಾಳೆಯಿಂದ ಇವಳು ಊದುವುದು ಬೇಡ. ಮೇಲೆ ಬಂದು ನನ್ನ ಪೀಠದ ನೆರಳಲ್ಲಿ ಕೂರಲಿ."

ಆಗ ಸಾಲಿನವರಿಗೆ ತಿಳಿಯಿತು, ಕೆಂಪು ಯಾವುದೆಂದು. ಚಪ್ಪರದ ಕಡೆಯಿಂದ ಅವನ ಹೆಂಡತಿ ಓಡಿ ಬಂದಳು, ಕೈತುಂಬ ಅದಿರಿನ ಪುಡಿ. ಗಂಡನ ಬೆನ್ನು ನೋಡಿದಳು, ತಿದಿಯವಳ ಕೈಯಲ್ಲಿದ್ದ ಬಾರು ನೋಡಿದಳು.

"ನಾ ತಿರುಗಿಸಿದ್ದೆ," ಎಂದಳು ತಿದಿಯವಳು. "ದೇವರಾಣೆಗೂ ತಿರುಗಿಸಿದ್ದೆ ಕಣವ್ವಾ."

ಮೇಸ್ತ್ರಿ ಬಂದು ಅವಳ ಕೈಯಿಂದ ಬಾರು ಬಿಡಿಸಿಕೊಂಡು ಹೋದ. ಪಕ್ಕದವನ ಹೆಂಡತಿ ನೆಲಕ್ಕೆ ಉಗಿದಳು, ಅಷ್ಟೇ.

ತಿದಿಯವಳು ನೆರಳಿಗೆ ಹೋಗಲಿಲ್ಲ. ತನ್ನ ತಿದಿಯ ಮುಂದೆಯೇ ಕೂತಳು. ಆದರೆ ಕೆಟ್ಟ ಹೆಸರು ಬಂದವರು ಕೂತರೂ ತಪ್ಪು, ನಿಂತರೂ ತಪ್ಪು. "ನೋಡ್ದಾ ನಾಟಕ? ಮೇಲೆ ಹೋದ್ರೆ ಗುಟ್ಟು ರಟ್ಟಾಯ್ತದೆ ಅಂತ ಇಲ್ಲೇ ಕೂತು ನಮ್ಮ ಮಾತು ಮೇಲಕ್ಕೆ ಸಾಗಿಸ್ತಾಳೆ" ಎಂದರು ಸಾಲಿನವರು. ಅವಳ ನೀರಿನ ಗಡಿಗೆಯನ್ನು ಬೇರೆ ಇಟ್ಟರು. ಅವಳನ್ನು ಯಾರೂ ಅಕ್ಕ ಎನ್ನಲಿಲ್ಲ. ಕರೆಯುವುದೇ ಇಲ್ಲದಿದ್ದರೆ ಹೆಸರು ಯಾಕೆ ಬೇಕು?

ಅದಕ್ಕಿಂತ ಕೆಟ್ಟದ್ದು ಅವಳೊಳಗೇ ಇತ್ತು. ಅವಳು ತನ್ನ ಬಲಗೈಯನ್ನು ಎದುರಿಗೆ ಹಿಡಿದು ನೋಡಿಕೊಳ್ಳುತ್ತಿದ್ದಳು. ಮಣಿಕಟ್ಟು ತಿರುಗಿಸುತ್ತಿದ್ದಳು. ತಿರುಗುತ್ತಿತ್ತು. ಆವತ್ತು ತಿರುಗಿತ್ತೇ? ತಿರುಗಿದ್ದರೆ ಅವನು ಸತ್ತಿದ್ದು ಹೇಗೆ? ನನಗೇ ಗೊತ್ತಿಲ್ಲದ ಹಾಗೆ ಈ ಕೈ ಯಾವತ್ತೋ ಧಣಿಯದಾಗಿ ಹೋಗಿತ್ತೇ? ಅವನ ಅನ್ನ ತಿಂದು ತಿಂದು, ಅವನ ಬೆರಳು ಎದ್ದಾಗ ಒಳಗೊಳಗೇ ಖುಷಿಪಟ್ಟು ಪಟ್ಟು, ಕೈ ತನ್ನ ಯಜಮಾನನನ್ನು ತಾನೇ ಆರಿಸಿಕೊಂಡಿತೇ? ಅಳಬೇಕೆನಿಸಿದರೂ ಅಳಲಿಲ್ಲ. ಅತ್ತರೆ ಅದನ್ನೂ ಆಟವೆನ್ನುತ್ತಾರೆ ಎಂದು ಅವಳಿಗೆ ಗೊತ್ತಿತ್ತು.

ಇನ್ನು ಸಾಲಿನ ಗತಿ ಕೇಳಿ. ಮುಂದಿನ ಜ್ವಾಲೆ ಬಾಗಿತು, ಪಕ್ಕದವರು ಎದ್ದರು. ಎದ್ದವನು ಬಾರು ಹಿಡಿದು ಬಾಗಿದವನ ಬೆನ್ನು ನೋಡುತ್ತಾ ಯೋಚಿಸಿದ: ನಾಳೆ ನನ್ನ ಜ್ವಾಲೆ ಬಾಗಿದರೆ ಇವನು ತಿರುಗಿಸುತ್ತಾನೆಂದು ಏನು ಭರವಸೆ? ಅಕ್ಕನಂಥ ಅಕ್ಕನೇ ತಿರುಗಿಸಲಿಲ್ಲ. ನಾನೊಬ್ಬ ಯಾಕೆ ತಿರುಗಿಸಬೇಕು? ಅವನು ಅಂಚಿನಿಂದ ನೇರವಾಗಿ ಹೊಡೆದ. ಚರ್ಮ ಸುಲಿಯಿತು, ಆಳು ಬದುಕಿದ. ಬದುಕಿದವನು ತನ್ನ ಸರದಿ ಬಂದಾಗ ಬಡ್ಡಿ ಸಮೇತ ತೀರಿಸಿದ. ಆಮೇಲೆ ತಡೆಯುವವರಿಲ್ಲ. ಒಬ್ಬನ ಕಣ್ಣು ಹೋಯಿತು. ಇನ್ನೊಬ್ಬಳ ಕಿವಿ ಹರಿಯಿತು. ಸಾಲಿನ ಕೊನೆಯಲ್ಲಿ ಕೂರುತ್ತಿದ್ದ ಮುದುಕನ ಪಕ್ಕೆಲುಬನ್ನು ಅವನೇ ಎತ್ತಿ ಆಡಿಸಿದ ಹುಡುಗಿ ಮುರಿದಳು, ಮುರಿದ ಮೇಲೂ ಎರಡು ಏಟು ಹೆಚ್ಚೇ ಹಾಕಿದಳು. ಕೂಗುವ ವಿದ್ಯೆ ಮರೆತೇ ಹೋಯಿತು, ಯಾಕೆಂದರೆ ಅದರ ಅಗತ್ಯವಿರಲಿಲ್ಲ. ಕೆಮ್ಮಣ್ಣಿನ ನೀರಿನ ಮಡಕೆ ಒಣಗಿ ಅದರೊಳಗೆ ಜೇಡ ಬಲೆ ಕಟ್ಟಿತು. ಒಂದೇ ಒಂದು ಏಟಿನಿಂದ ಧಣಿ ಸಾಲನ್ನೆಲ್ಲ ಹೊಡೆದು ಹಾಕಿದ್ದ, ಅದೂ ಕೈ ಎತ್ತದೆ. ಅವನಿಗೆ ಈಗ ನಿದ್ದೆ ಚೆನ್ನಾಗಿ ಬರುತ್ತಿತ್ತು. ಬೆಣ್ಣೆ ಮಾತ್ರ ಹೆಚ್ಚು ಖರ್ಚಾಗುತ್ತಿತ್ತು.

ತಿದಿ ಖಾಲಿ ಬಿಡುವಂತಿಲ್ಲ, ಸತ್ತವರ ಜಾಗಕ್ಕೆ ಆ ಮನೆಯವರೇ ಬರಬೇಕು. ಹಾಗಾಗಿ ಪಕ್ಕದವನ ಹೆಂಡತಿ ಅದಿರಿನ ಒನಕೆ ಬಿಟ್ಟು ಬಂದು ಗಂಡನ ತಿದಿಗೆ ಕೂತಳು. ಅಂದರೆ ತಿದಿಯವಳ ಪಕ್ಕಕ್ಕೆ. ಎಂಥ ಕಟ್ಟಳೆ ನೋಡಿ, ಗಂಡನನ್ನು ಕೊಂದ ಕೈಯ ಜೋಡಿಯಾಗಿ ಇವಳು ಊದಬೇಕು. ಇಬ್ಬರೂ ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ ಕೂತು ಊದುತ್ತಿದ್ದರು. ತೊಗಲು ಉಬ್ಬುತ್ತದೆ, ತೊಗಲು ಕುಗ್ಗುತ್ತದೆ. ಸಾಲಿಗೆ ಸಾಲೇ ಒಂದು ದಿನಕ್ಕಾಗಿ ಕಾಯುತ್ತಿತ್ತು. ತಿದಿಯವಳ ಜ್ವಾಲೆ ಬಾಗುವ ದಿನ. ಬಾರು ಈ ವಿಧವೆಯ ಕೈಗೆ ಬರುವ ದಿನ. ಧಣಿಯೂ ಅದಕ್ಕೇ ಕಾಯುತ್ತಿದ್ದ.

ಕಾದು ಕಾದು ಬೇಸತ್ತವಳು ತಿದಿಯವಳೇ. ಒಂದು ಬೆಳಿಗ್ಗೆ, ಬಿಸಿಲು ಇನ್ನೂ ಎಳೆಯದಾಗಿರುವಾಗ, ಅವಳು ಎರಡೂ ಕೈಯನ್ನು ತಿದಿಯಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಅವಳೆದುರಿನ ಜ್ವಾಲೆ ನಿಧಾನಕ್ಕೆ ಬಾಗಿತು, ನೆಲ ಮುಟ್ಟುವಷ್ಟು ಬಾಗಿತು.

ಮೇಸ್ತ್ರಿ ಕೂಗಿದ: "ಜ್ವಾಲೆ ಬಾಗಿತು!"

"ಪಕ್ಕದವರು ಏಳಲಿ!" ಎಂದಿತು ಸಾಲು. ಎಷ್ಟೋ ದಿನದ ಮೇಲೆ ಒಂದೇ ಗಂಟಲಿನಿಂದ.

ಪಕ್ಕದವನ ಹೆಂಡತಿ ಎದ್ದಳು. ತಿದಿಯವಳು ರವಿಕೆ ಸಡಿಲಿಸಿ, ಅವನು ಮಂಡಿಯೂರಿದ್ದ ಜಾಗದಲ್ಲೇ ಮಂಡಿಯೂರಿದಳು. "ತಿರುಗಿಸ್ಬೇಡ," ಎಂದಳು ಮೆಲ್ಲಗೆ. "ನಾನು ಕೂಗಲ್ಲ. ನಿನ್ ಸಿಟ್ಟು ತೀರೋವರ್ಗೂ ಹೊಡಿ. ಇದೊಂದು ಮುಗೀಲಿ."

ಮೇಲೆ ಕಲ್ಲುಪೀಠದಲ್ಲಿ ಧಣಿ ಬೆನ್ನು ತಿರುಗಿಸಿ ಕೂತು, ಕಣ್ಣು ಮುಚ್ಚಿ, ಕಿವಿ ಈ ಕಡೆಗೆ ವಾಲಿಸಿದ. ತಿದಿಯವಳು ಹಲ್ಲು ಕಚ್ಚಿದಳು. ಹೊಡೆತ ಬಿತ್ತು.

ಅವಳು ಜೀವಮಾನದಲ್ಲಿ ಅಂಥ ನೋವು ಕಂಡಿರಲಿಲ್ಲ. ಬೆನ್ನಿನ ಮೇಲೆ ಯಾರೋ ನೇಗಿಲು ಎಳೆದಂತಾಯಿತು. ಆದರೂ ಕೂಗಲಿಲ್ಲ. ಇಷ್ಟು ದ್ವೇಷ ಇರಬೇಕಾದ್ದೇ, ನ್ಯಾಯವೇ ಎಂದುಕೊಂಡಳು. ಎರಡನೆಯದು ಬಿತ್ತು. ಬಾರು ಬೆನ್ನು ಬಿಟ್ಟು ಏಳುವಾಗ ಮಾಂಸ ಕಿತ್ತುಕೊಂಡು ಎದ್ದಿತು. ಬಿಸಿಯಾಗಿ ಸೊಂಟದವರೆಗೆ ಇಳಿಯಿತು.

ಮೂರನೆಯದು ಬೀಳಲಿಲ್ಲ.

"ಅಯ್ಯಯ್ಯೋ," ಎಂದಿತು ಹಿಂದಿನ ದನಿ. ಬಹಳ ಸಣ್ಣ ದನಿ. "ನಾ ತಿರುಗಿಸ್ದೆನಲ್ಲೇ! ಎರಡು ಸಲಾನೂ ತಿರುಗಿಸ್ದೆನಲ್ಲೇ!"

ತಿದಿಯವಳು ನೆಲಕ್ಕೆ ಒತ್ತಿದ್ದ ಮುಖ ಎತ್ತಿದಳು. ಆ ಮಾತು ಅವಳಿಗೆ ಏಟಿಗಿಂತ ಆಳಕ್ಕೆ ಇಳಿಯಿತು. ತಿರುಗಿಸಿದ್ದಳು! ಗಂಡನನ್ನು ಕೊಂದವಳ ಬೆನ್ನಿಗೆ ಇವಳು ಮಣಿಕಟ್ಟು ತಿರುಗಿಸಿದ್ದಳು.

ಪಕ್ಕದವನ ಹೆಂಡತಿ ಬಾರನ್ನು ಬಿಸಿಲಿಗೆ ಹಿಡಿದಿದ್ದಳು. ಕೆಮ್ಮಣ್ಣು ಇಲ್ಲದ ಬಾರು, ಆದ್ದರಿಂದ ಕೆಂಪೆಲ್ಲ ರಕ್ತವೇ. ಅಗಲದ ಮೈ ಮೇಲೆ ಹೆಬ್ಬೆರಳು ಎಳೆದಳು. ಹೆಬ್ಬೆರಳು ಸೀಳಿತು. ಎರಡು ಪದರ ತೊಗಲಿನ ನಡುವೆ, ಉಗುರಿನಷ್ಟೇ ಸಣ್ಣ ಕಬ್ಬಿಣದ ಅಲಗುಗಳನ್ನು ಒತ್ತೊತ್ತಾಗಿ ಕೂರಿಸಿ ಹೊಲಿದಿದ್ದರು. ಅಂಚಿನಿಂದ ಹೊಡೆದರೆ ಅವು ತೊಗಲೊಳಗೇ ಮಲಗಿರುತ್ತವೆ. ಮಣಿಕಟ್ಟು ತಿರುಗಿಸಿ ಅಗಲದಿಂದ ಹೊಡೆದರೆ ಮಾತ್ರ ಬಾಯಿ ತೆರೆಯುತ್ತವೆ. ದ್ವೇಷದಿಂದ ಹೊಡೆದವರ ಕೈಯಲ್ಲಿ ಅದು ಬರೀ ಬಾರು. ಪ್ರೀತಿಯಿಂದ ಹೊಡೆದವರ ಕೈಯಲ್ಲಿ ಕತ್ತಿ. ಅಷ್ಟು ಯೋಚಿಸಿ ಮಾಡಿಸಿದ್ದ, ಆ ಮೆದು ಮನಸ್ಸಿನವನು. ಪಕ್ಕದವನು ಸತ್ತ ಮೇಲೆ ಸಾಲಿನಲ್ಲಿ ಒಬ್ಬರಾದರೂ ತಿರುಗಿಸಿದ್ದರೆ ಅಂದೇ ಗೊತ್ತಾಗುತ್ತಿತ್ತು. ಯಾರೂ ತಿರುಗಿಸಲಿಲ್ಲ.

ಮೇಸ್ತ್ರಿ ಕೈ ಚಾಚಿದ. "ಕೊಡಮ್ಮ ಇಲ್ಲಿ ಅದನ್ನ."

ಅವಳು ಅವನಿಗೆ ಕೊಡಲಿಲ್ಲ. ತನ್ನ ಆಚೆ ಕೂತಿದ್ದವನ ಕೈಗೆ ಕೊಟ್ಟಳು. "ಮುಟ್ಟಿ ನೋಡು" ಎಂದಳು. ಅವನು ಊದುವುದು ನಿಲ್ಲಿಸಿ ಬೆರಳು ಎಳೆದ. ಬೆರಳು ಸೀಳಿತು. ಅವನು ಪಕ್ಕದವಳಿಗೆ ಕೊಟ್ಟ. ಅವಳ ಬೆರಳು ಸೀಳಿತು. ಹೀಗೆ ಬಾರು ಸಾಲಿನ ಉದ್ದಕ್ಕೂ ಕೈಯಿಂದ ಕೈಗೆ ಹೋಯಿತು. ಅದು ಹೋದಲ್ಲೆಲ್ಲ ಒಂದೊಂದು ತಿದಿ ನಿಂತಿತು, ಒಂದೊಂದು ಜ್ವಾಲೆ ಬಾಗಿತು. ಕಣ್ಣು ಕಳೆದುಕೊಂಡವನು ಮುಟ್ಟಿದ, ಕಿವಿ ಹರಿದವಳು ಮುಟ್ಟಿದಳು. ಪಕ್ಕೆಲುಬು ಮುರಿದ ಮುದುಕ ಮುಟ್ಟಿ, ತನ್ನನ್ನು ಮುರಿದ ಹುಡುಗಿಯ ಮುಖವನ್ನೊಮ್ಮೆ ನೋಡಿದ. ಆ ಹುಡುಗಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಮೇಸ್ತ್ರಿ ತನ್ನ ದೊಣ್ಣೆಯನ್ನು ಮೆಲ್ಲಗೆ ನೆಲಕ್ಕಿಟ್ಟು, ಗುಡ್ಡದ ಕಡೆ ನಡೆದವನು ಹಿಂದೆ ತಿರುಗಿ ನೋಡಲಿಲ್ಲ.

ಧಣಿ ಇನ್ನೂ ಬೆನ್ನು ತಿರುಗಿಸಿಯೇ ಕೂತಿದ್ದ. "ಯಾಕೆ ನಿಂತಿತು?" ಎಂದು ಕೇಳಿದ, ಕಣ್ಣು ಮುಚ್ಚಿಕೊಂಡೇ. "ಹೊಡಿ ಮಗಳೇ, ಹೊಡಿ. ನಿನ್ನ ಗಂಡನ ಋಣ ತೀರಿಸು."

ಸಾಲು ಮೇಲೆ ಹತ್ತಿತು. ಅವನನ್ನು ಪೀಠದಿಂದ ಎಳೆದು, ಜರಿಯ ಶಲ್ಯ ಕಿತ್ತು, ಬಗ್ಗಿಸಿದರು. ಅವನ ಬೆನ್ನು ಮಗುವಿನ ಬೆನ್ನಿನಂತೆ ನುಣುಪಾಗಿತ್ತು. "ನಿಮ್ಮ ಬೆನ್ನಿಗೆ ಬೆಣ್ಣೆ ಹಚ್ಚಿದವನು ಕಣ್ರಯ್ಯಾ ನಾನು! ನಿಮಗೆ ಅನ್ನ ಹಾಕಿದವನು!" ಎಂದು ಅವನು ಅರಚಿದ. ಅಷ್ಟು ಕೋಪದಲ್ಲೂ ಯಾರೂ ಅಂಚಿನಿಂದ ಹೊಡೆಯಲಿಲ್ಲ. ಒಬ್ಬೊಬ್ಬರಾಗಿ ಬಂದರು, ತೋಳು ಎತ್ತಿದರು, ಬೀಳುವ ಹೊತ್ತಿಗೆ ಸರಿಯಾಗಿ ಮಣಿಕಟ್ಟು ತಿರುಗಿಸಿದರು. ತಮ್ಮವರಿಗೆ ಹೊಡೆಯುವ ಹಾಗೆಯೇ ಹೊಡೆದರು. ಅವನು ಕೂಗಿದ. ಬಹಳ ಸಾಧಾರಣ ಕೂಗು, ಹಿಂದೆಲ್ಲ ಸಾಲಿಗೆ ಹೊಸದಾಗಿ ಸೇರಿದವರೂ ಅದಕ್ಕಿಂತ ಚೆನ್ನಾಗಿ ಕೂಗುತ್ತಿದ್ದರು. ಬೆರಳು ಎತ್ತಿದ. ಎತ್ತಿದ ಬೆರಳನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕೊನೆಕೊನೆಗೆ ಬೆನ್ನು ಎಲ್ಲಿ, ಬಾರು ಎಲ್ಲಿ ಎಂದು ತಿಳಿಯುತ್ತಿರಲಿಲ್ಲ. ಸತ್ತ ಮೇಲೂ ಸರದಿ ಬಾರದವರು ತಮ್ಮ ಸರದಿ ಮುಗಿಸಿದರು. ಅದು ತಪ್ಪು ಎಂದು ನಾನು ಹೇಳಲಾರೆ, ಸರಿ ಎಂದೂ ಹೇಳಲಾರೆ. ನೋಡಲು ಮಾತ್ರ ಆಗುತ್ತಿರಲಿಲ್ಲ.

ಇದೆಲ್ಲ ಮೇಲೆ ನಡೆಯುತ್ತಿದ್ದಾಗ ಕೆಳಗೆ ಇಬ್ಬರೇ ಇದ್ದರು. ಪಕ್ಕದವನ ಹೆಂಡತಿ ಮೇಲೆ ಹೋಗಿರಲಿಲ್ಲ. ತನ್ನ ಸೆರಗು ಹರಿದು ಗಡಿಗೆಯ ನೀರಲ್ಲಿ ಅದ್ದಿ ತಿದಿಯವಳ ಬೆನ್ನು ಒರೆಸುತ್ತಿದ್ದಳು. ಎದುರಿಗೆ ದೊಡ್ಡ ಬೆಂಕಿ ಕಪ್ಪಗಾಗುತ್ತಿತ್ತು. ಯಾರಿಗೂ ಅದರ ಕಡೆ ಗಮನವಿರಲಿಲ್ಲ.

"ಯಾಕೆ ತಿರುಗಿಸ್ದೆ?" ಎಂದು ಕೇಳಿದಳು ತಿದಿಯವಳು.

"ನಿನ್ ಮೇಲೆ ಕನಿಕರಕ್ಕಲ್ಲ," ಎಂದಳು ಅವಳು. "ನಿನ್ನ ಕೊಲ್ಬೇಕು ಅಂತಲೇ ಎದ್ದೆ. ಅವ್ನು ಮೇಲೆ ಕಿವಿ ಒಡ್ಕಂಡು ಕೂತಿದ್ನಲ್ಲ, ಅದ ನೋಡ್ದೆ. ಇವನ ಕಿವಿ ತಣಿಸಕ್ಕೆ ನಾ ಯಾಕೆ ಹೊಡೀಲಿ ಅನ್ನಿಸ್ತು. ನಿನ್ ಮೇಲಿನ ಸಿಟ್ಟು ನಂದು, ಅವನಿಗ್ಯಾಕೆ ಕೊಡ್ಲಿ? ಕೈ ತಿರುಗಿಬಿಡ್ತು." ಸ್ವಲ್ಪ ಹೊತ್ತು ಒರೆಸಿದಳು. "ನೀನೂ ತಿರುಗಿಸಿದ್ದೆ. ಗೊತ್ತಾಯ್ತು ಅಕ್ಕಾ."

ಅಕ್ಕಾ ಎಂಬ ಮಾತು ಕಿವಿಗೆ ಬಿದ್ದು ಎಷ್ಟು ಕಾಲವಾಗಿತ್ತು. ತಿದಿಯವಳು ಅದಕ್ಕಾಗಿಯೇ ಇಷ್ಟು ದಿನ ಬದುಕಿದ್ದಳು. ಈಗ ಅದು ಸಿಕ್ಕಿತು, ಸಿಕ್ಕರೂ ಇಟ್ಟುಕೊಳ್ಳಲು ಆಗಲಿಲ್ಲ. ಯಾರಿಗೂ ಹೇಳದ ಒಂದು ಮಾತು ಅವಳೊಳಗೆ ಉಳಿದಿತ್ತು.

"ಅಕ್ಕಾ ಅನ್ಬೇಡ," ಎಂದಳು. "ಅವ್ನು ನಂಗೆ ಹೇಳ್ದ ಕಣೇ. ನಿಜವಾಗ್ಲೂ ನೋಯ್ತೈತೆ ಅಕ್ಕಾ, ನಿಜವಾಗ್ಲೂ ಅಂತ ಹೇಳ್ದ. ನಾನು ನಂಬ್ಲಿಲ್ಲ. ಆಟ ಅಂದ್ಕಂಡೆ. ನಕ್ಕೆ. ನಕ್ಕು, ಇನ್ನೂ ಜೋರಾಗಿ ಹೊಡ್ದೆ."

ಬೆನ್ನಿನ ಮೇಲಿದ್ದ ಕೈ ನಿಂತಿತು. ತಿದಿಯವಳು ಕಾದಳು. ಈಗ ಏಳುತ್ತಾಳೆ, ಈಗ ಹೊಡೆಯುತ್ತಾಳೆ, ಈಗ ಉಗಿದು ಹೋಗುತ್ತಾಳೆ.

"ಚಪ್ಪರದವರೆಗೂ ಕೇಳ್ತಿತ್ತು ಅವನ ಕೂಗು," ಎಂದಳು ಪಕ್ಕದವನ ಹೆಂಡತಿ. "ಹೆಂಗಸ್ರೆಲ್ಲ ಒನಕೆ ನಿಲ್ಸಿ ಕೇಳಿದ್ರು. ನೋಡ್ರೇ, ಎಷ್ಟು ಚೆನ್ನಾಗಿ ಕೂಗ್ತಾನೆ ನನ್ ಗಂಡ ಅಂತ ನಾನೇ ಎಲ್ಲರ್ಗೂ ಹೇಳ್ದೆ."

ಅವಳು ಬಟ್ಟೆಯನ್ನು ಮತ್ತೆ ನೀರಲ್ಲಿ ಅದ್ದಿ ಹಿಂಡಿದಳು.